ಪರದೇಶಿ ಅಂದರೆ ಏನರ್ಥ

ಚರ್ಚಾಸ್ಪರ್ಧೆಗೆ ತಯಾರಿ ಮಾಡುವಾಗ ಮೊದಲು ಕಲಿಸುವುದು ಜೋರಾಗಿ ಮಾತಾಡುವುದನ್ನಲ್ಲ. ಎದುರಿನವರು ಒಂದು ಪದ ಬಳಸಿದರೆ, ಆ ಪದಕ್ಕೆ ಅವರು ಕೊಡುವ ಅರ್ಥವೇನು ಎಂದು ಮೊದಲು ಕೇಳಬೇಕು, ವಾದ ಆಮೇಲೆ. "ಅಭಿವೃದ್ಧಿ ಅಂದರೆ ತಾವು ಯಾವುದನ್ನು ಹೇಳುತ್ತಿದ್ದೀರಿ?" ಎಂದು ತಣ್ಣಗೆ ಕೇಳಿದರೆ ಸಾಕು, ಎಷ್ಟೋ ಜನ ಅಲ್ಲೇ ತಡವರಿಸುತ್ತಾರೆ. ಡಿಗ್ರಿ ಮುಗಿಯುವವರೆಗೆ ನಾನು ಕನ್ನಡದಲ್ಲೂ ತೆಲುಗಿನಲ್ಲೂ ಈ ಒಂದು ಪ್ರಶ್ನೆಯ ಮೇಲೆಯೇ ಬದುಕಿದವಳು. ಸಮಾಜಕಾರ್ಯದ ಎಂ.ಎ. ಸೇರಿ, ಕ್ಷೇತ್ರಕಾರ್ಯಕ್ಕೆಂದು ಆಂಧ್ರದ ರಾಯದುರ್ಗಕ್ಕೆ ಬಂದ ಮೊದಲ ವಾರವೇ ನನ್ನ ಮೇಲ್ವಿಚಾರಕಿ ನನ್ನಿಂದ ಕಸಿದುಕೊಂಡದ್ದೂ ಇದೇ ಪ್ರಶ್ನೆಯನ್ನು.

ಕಾರಣವಿಲ್ಲದೆ ಅಲ್ಲ. ಜೀನ್ಸ್ ಹೊಲಿಯುವ ಒಂದು ಮನೆಗೆ ಇಬ್ಬರೂ ಹೋಗಿದ್ದೆವು. "ನಮ್ಮ ಮನ್ಯಾಗ ಹೆಣ್ಮಕ್ಕಳು ದುಡಿಯಾಕ ಹೋಗಂಗಿಲ್ರಿ," ಎಂದ ಮನೆಯ ಯಜಮಾನ. ಅವನ ಹೆಂಡತಿ ಪಕ್ಕದಲ್ಲೇ ಮಿಷನ್ನಿನ ಮುಂದೆ ಕುಳಿತು ಪ್ಯಾಂಟಿನ ಕಾಲು ಹೊಲಿಯುತ್ತಿದ್ದಳು.

"ಇದನ್ನ ಏನಂತ ಕರೀತೀರಿ?" ಎಂದು ನಾನು ಆಕೆಯ ಕಡೆ ತೋರಿಸಿದೆ.

"ಅದು ಮನಿ ಕೆಲಸ ರಿ."

"ನಿಮ್ಮ ಮನೇಲಿ ಇಷ್ಟೊಂದು ಪ್ಯಾಂಟ್ ಹಾಕೋರು ಯಾರಿದಾರೆ?"

ಹೆಂಡತಿ ನಕ್ಕುಬಿಟ್ಟಳು. ಆತ ನಗಲಿಲ್ಲ. ಆ ಮನೆಯ ಬಾಗಿಲು ಮತ್ತೆ ನಮಗೆ ತೆರೆಯಲಿಲ್ಲ.

"ವಾದಿಂಚಕು. ವಿನು," ಎಂದರು ಮೇಡಂ, ನಡೆದ ಮಾತನ್ನು ನಾನು ತೆಲುಗಿನಲ್ಲಿ ಹೇಳಿದ ಕೂಡಲೇ, ಓಣಿಯ ಕೊನೆ ಮುಟ್ಟುವ ಮೊದಲೇ. ವಾದ ಮಾಡಬೇಡ, ಕೇಳಿಸಿಕೋ. ಅವರು ಕೋಸ್ತಾ, ಅಂದರೆ ಕರಾವಳಿ ಆಂಧ್ರದ ಕಡೆಯವರು, ಕನ್ನಡ ಬಾರದು. ಹೊಲಿಗೆಯವರ ಮನೆಗಳಲ್ಲಿ ಮಕ್ಕಳ ಓದಿಗಾಗಿ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿ ವರ್ಷಗಟ್ಟಲೆ ಇದ್ದವರು. "ನೀನು ಕೇಳುವುದು ಪ್ರಶ್ನೆಯಲ್ಲ, ಬಲೆ. ಇನ್ನು ಮೇಲೆ ಅವರು ಹೇಳಿದ್ದಕ್ಕೆ ತಲೆಯಾಡಿಸು, ಹೇಳಿದ್ದನ್ನು ಹೇಳಿದ ಹಾಗೆ ನನಗೆ ತಂದು ಕೊಡು. ಅದರ ಅರ್ಥ ಏನು ಅನ್ನುವುದನ್ನು ಗುರುವಾರದ ಸಭೆಯಲ್ಲಿ ಕೂತು ನೋಡೋಣ."

"ಅರ್ಥ ಅವರ ಹತ್ತಿರ ಇದೆ ಮೇಡಂ. ಗುರುವಾರ ಅದು ನಮ್ಮ ಹತ್ತಿರ ಎಲ್ಲಿಂದ ಬರುತ್ತೆ?"

"ನೋಡಿದೆಯಾ, ಮತ್ತೆ ಶುರು ಮಾಡಿದೆ."

ನನ್ನನ್ನು ರಾಯದುರ್ಗಕ್ಕೆ ಹಾಕಿದ್ದೇ ಕನ್ನಡ ಬರುತ್ತದೆ ಎಂದು. ನಾನು ಮಡಕಶಿರಾ ಕಡೆಯವಳು. ಮನೆಯಲ್ಲಿ ಕಡಲೆಕಾಯಿ, ರಾಗಿ, ಒಂದಿಷ್ಟು ಹಿಪ್ಪುನೇರಳೆ. ವಿಭಾಗದಲ್ಲಿ ಕೂತು ಯಾರು ಎಲ್ಲಿಗೆ ಎಂದು ಹಂಚುವವರಿಗೆ ಕನ್ನಡ ಎಂದರೆ ಒಂದೇ ಕನ್ನಡ. ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಇತ್ತು. ಇಲ್ಲಿಯವರು ಬಳ್ಳಾರಿಯವರಂತೆ "ಯಾಕ" ಎಂದರೆ ನನಗೆ ನಗು, ನಾನು "ಯಾಕೆ" ಎಂದರೆ ಅವರಿಗೆ ನಗು. ವ್ಯತ್ಯಾಸ ಅಷ್ಟೇ ಅಂದುಕೊಂಡಿದ್ದೆ.

ಮೇಡಂ ನನ್ನೊಬ್ಬಳ ಜವಾಬ್ದಾರಿಗೆ ಕೊಟ್ಟ ಮೊದಲ ಮನೆಯಲ್ಲಿ ಐದನೇ ಕ್ಲಾಸು ಮುಗಿಸಿದ ಒಂದು ಹುಡುಗಿ ಇದ್ದಳು. ಉದ್ದನೆಯ ಒಂದೇ ಕೋಣೆ, ಬಾಗಿಲ ಬೆಳಕಿಗೆ ಎರಡು ಮಿಷನ್ನು, ಒಳಗೆ ಮಂಡಿಯೆತ್ತರ ನೀಲಿ ಬಟ್ಟೆಯ ರಾಶಿ. ಆ ರಾಶಿಯ ಮೇಲೆಯೇ ಕೂತು ಹುಡುಗಿ ಹೊಲಿದ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ಬೆರಳ ಸಂದೆಲ್ಲ ನೀಲಿ. ಅವಳ ತಾಯಿ ಮಡಕಶಿರಾ ಕಡೆಯ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋಗಿ, ಅಲ್ಲೇ ಕಾಯಿಲೆಯಿಂದ ತೀರಿಕೊಂಡಿದ್ದಳು. ತಾಯಿಯ ಅಕ್ಕ, ಈ ಮನೆಯ ದೊಡ್ಡವ್ವ, ಆಗಲೇ ಹುಡುಗಿಯನ್ನು ಕರೆತಂದಿದ್ದಳು. ಅಪ್ಪ ಇನ್ನೊಂದು ಮದುವೆಯಾಗಿ ಊರಲ್ಲೇ ಇದ್ದ.

ಹುಡುಗಿಗೆ ಬೇಕಾಗಿದ್ದದ್ದು ಹೆಣ್ಣುಮಕ್ಕಳೇ ಉಳಿದು ಓದುವ ಸರ್ಕಾರಿ ವಸತಿ ಶಾಲೆಯಲ್ಲಿ ಆರನೇ ಕ್ಲಾಸಿನ ಸೀಟು. ಅವಳ ಗೆಳತಿಯ ಅಕ್ಕ ಅಲ್ಲಿದ್ದಳು. ಇವಳು ಒಮ್ಮೆ ಹೋಗಿ ನೋಡಿ ಬಂದಿದ್ದಳು, ಅದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಓಣಿಯ ಶಾಲೆಗೆ ಹೋಗುತ್ತಿದ್ದರೂ, ದೊಡ್ಡ ಆರ್ಡರ್ ಬಂದಾಗಲೆಲ್ಲ ಮನೆಯಲ್ಲೇ ಉಳಿಯುತ್ತಿದ್ದಳು. ವಸತಿ ಶಾಲೆಗೆ ಆರ್ಡರ್ ಬರುವುದಿಲ್ಲ. ನಾನು ಹೋದಾಗಲೆಲ್ಲ ದೊಡ್ಡವ್ವನಿಗೆ ಕೇಳದಂತೆ ಒಂದೇ ಮಾತು: "ಅಕ್ಕಾ, ಟ್ರಂಕು ಅವ್ರೇ ಕೊಡ್ತಾರೇನ್ರಿ, ನಾವೇ ಒಯ್ಬೇಕೇನ್ರಿ?"

ಅರ್ಜಿ ಹಾಕಲು ದೊಡ್ಡವ್ವ ಒಪ್ಪಬೇಕಿತ್ತು. ಕೊನೆಯ ದಿನ ಹತ್ತಿರವಾಗುತ್ತಿತ್ತು. ನಾನು ಫೋನಿನಲ್ಲಿ ವಿವರ ತೆರೆದೆ. ತಂದೆ ತಾಯಿಯಲ್ಲಿ ಒಬ್ಬರನ್ನು ಕಳೆದುಕೊಂಡ ಮಕ್ಕಳಿಗೆ ಅಲ್ಲಿ 'ಸೆಮಿ ಆರ್ಫನ್' ಎಂದು ಬರೆದಿತ್ತು. ಅರ್ಧ ಅನಾಥೆ. ಯಾವ ಅರ್ಧ ಎಂದು ಕೇಳಬೇಕೆನಿಸಿತು. ಕೇಳಲು ಅಲ್ಲಿ ಯಾರೂ ಇರಲಿಲ್ಲ. "ಅಮ್ಮ ಇಲ್ಲದ ಮಕ್ಕಳಿಗೆ ಮೊದಲು ಸೀಟು," ಎಂದು ದೊಡ್ಡವ್ವನಿಗೆ ಹೇಳಿದೆ. ಆಕೆ ಮಿಷನ್ ತುಳಿಯುತ್ತಲೇ ಇದ್ದಳು. ಹಿಂದಿನ ಶಾಲೆಯ ಕಾಗದ ಕೇಳಿದೆ. ಮೂರನೇ ಕ್ಲಾಸಿನವರೆಗೆ ಹುಡುಗಿ ಓದಿದ್ದು ಗಡಿಯಾಚೆ, ಶಿರಾ ತಾಲ್ಲೂಕಿನ ಶಾಲೆಯಲ್ಲಿ ಎಂದು ಆಗ ಗೊತ್ತಾಯಿತು. ಹೇಮಾವತಿ ಎಂಬ ಊರಿನ ಆಚೆಗಿನ ಆ ಹಳ್ಳಿಗಳಲ್ಲಿ ಅದು ಮಾಮೂಲಿ. ಹತ್ತಿರದ ಶಾಲೆ ಯಾವ ರಾಜ್ಯದ್ದೆಂದು ಮಕ್ಕಳು ನೋಡುವುದಿಲ್ಲ. ಕಚೇರಿಗಳು ನೋಡುತ್ತವೆ.

"ಅಯ್ಯೋ, ಕರ್ನಾಟಕದ ಸ್ಕೂಲಾ?" ಎಂದೆ.

ದೊಡ್ಡವ್ವ ಮಿಷನ್ ನಿಲ್ಲಿಸಿದಳು. "ನೋಡ್ರಿ ಮೇಡಮ್ಮೋರೆ, ನಮ್ಮ ಹುಡುಗಿ ಪರದೇಶಿ ಅಲ್ರಿ."

ಮೇಡಂ ಕಲಿಸಿದ ಹಾಗೆ ನಾನು ತಲೆಯಾಡಿಸಿದೆ.

"ಪರದೇಶಿ ಅಂತ ಬರ್ಸಂಗಿದ್ರ ನನಗ ಆ ಸಾಲಿನೇ ಬ್ಯಾಡ. ಆಕಿ ನಮ್ಮಾಕಿ, ಇಲ್ಲ್ಯಾಕಿ."

ಮತ್ತೆ ತಲೆಯಾಡಿಸಿದೆ. ಎಷ್ಟು ಸ್ಪಷ್ಟ ಅನಿಸಿತು. ಬೇರೆ ರಾಜ್ಯದಲ್ಲಿ ಓದಿದವಳು, ಹೊರಗಿನವಳು ಎಂದು ಹಿಂದಕ್ಕೆ ಕಳಿಸಿದರೆ ಎಂಬ ಭಯ. ಪರದೇಶಿ ಅಂದರೆ ಹೊರಗಿನವರು. ನಮ್ಮ ಕಡೆ ಮೂರು ವರ್ಷದ ಮಗುವೂ ಹೇಳುತ್ತದೆ. ಗುರುವಾರ ಮೇಡಂಗೆ ಅದನ್ನು 'ನಾನ್‌ಲೋಕಲ್' ಎಂದು ಹೇಳಿದೆ. ಆಂಧ್ರದಲ್ಲಿ ಆ ಪದಕ್ಕೆ ವಿವರಣೆ ಬೇಕಿಲ್ಲ, ಸೀಟು ಎಂದರೆ ಅದರ ಹಿಂದೆಯೇ ಈ ಹೆದರಿಕೆ ಬರುತ್ತದೆ.

ಮೇಡಂಗೆ ಖುಷಿಯೋ ಖುಷಿ. "ನೀನು ಮಧ್ಯೆ ಬಾಯಿ ಹಾಕಲಿಲ್ಲ, ನೋಡು. ಅವಳ ನಿಜವಾದ ಚಿಂತೆ ತಾನಾಗಿಯೇ ಹೊರಗೆ ಬಂತು. ಕೇಳಿಸಿಕೊಳ್ಳುವುದು ಬಂತು ನಿನಗೆ."

ಅಷ್ಟು ಕಪ್ ಗೆದ್ದಾಗಲೂ ಹಾಗೆ ಹಿಗ್ಗಿರಲಿಲ್ಲ ನಾನು. ಹುಡುಗಿ ಈ ರಾಜ್ಯದವಳೇ ಎಂದು ತೋರಿಸಲು ಅವಳ ಅಪ್ಪನ ರೇಷನ್ ಕಾರ್ಡಿನ ನಕಲು ತಂದರೆ ಮುಗಿಯಿತು, ಹೇಗೂ ನಮ್ಮೂರಿನ ದಾರಿಯೇ ಎಂದೆ. "ಹೋಗಿ ಬಾ," ಎಂದರು ಮೇಡಂ. ದೊಡ್ಡವ್ವನನ್ನು ಒಂದು ಮಾತು ಕೇಳಬೇಕೇ ಎಂಬುದು ನನಗೂ ಹೊಳೆಯಲಿಲ್ಲ, ನನ್ನ ಮೇಲ್ವಿಚಾರಣೆ ಮಾಡುವವರಿಗೂ ಹೊಳೆಯಲಿಲ್ಲ. ಆಕೆಯ ಚಿಂತೆಯನ್ನು ಆಕೆಗಾಗಿ ಪರಿಹರಿಸುವ ಹುರುಪಿನಲ್ಲಿದ್ದೆವು.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿದೆ. ಅಲ್ಲಿಂದ ಮಡಕಶಿರಾಕ್ಕೆ ಹೋಗಬೇಕೆಂದರೆ ನಡುವೆ ಕರ್ನಾಟಕದ ಪಾವಗಡವನ್ನು ಹಾಯ್ದು ಮತ್ತೆ ಆಂಧ್ರಕ್ಕೆ ಬರಬೇಕು. ಪರದೇಶ ದಾಟುತ್ತಿರುವವಳು ನಾನೇ ಎಂದು ಕಿಟಕಿಯ ಪಕ್ಕ ಕೂತು ನಗು ಬಂದದ್ದು ನೆನಪಿದೆ.

ಹುಡುಗಿಯ ಅಪ್ಪ ರೇಷ್ಮೆಯ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಕೆಟ್ಟವನನ್ನು ನೋಡಲು ತಯಾರಾಗಿ ಹೋಗಿದ್ದ ನನಗೆ ಸ್ವಲ್ಪ ನಿರಾಸೆಯೇ ಆಯಿತು.

"ಬಾಮ್ಮ, ಕುತ್ಕ. ಯಾರ ಮನೆ ಮಗಳು?"

ಹೇಳಿದೆ.

"ಅಂಗಾರೆ ನಮ್ ಕಡೇರೆ. ನನ್ ಮಗಳು ಎಂಗವ್ಳೆ?"

"ಚೆನ್ನಾಗಿದಾಳಣ್ಣ. ಆರನೇ ಕ್ಲಾಸಿಗೆ ಸೇರಿಸ್ಬೇಕು. ನಿಮ್ಮ ಕಾರ್ಡಿಂದು ಒಂದು ಜೆರಾಕ್ಸ್ ಬೇಕಿತ್ತು."

"ನಂದ್ಯಾಕಮ್ಮ?"

"ಅವಳು ಪರದೇಶಿ ಅಲ್ಲ ಅಂತ ತೋರಿಸೋಕೆ."

ಆತ ನಕ್ಕ. "ಅವ್ಳೆಂಗಮ್ಮ ಪರದೇಸಿ ಆಗ್ತಾಳೆ? ಮಡಕಶಿರಾ ತಾಲ್ಲೂಕಾಗೆ ಉಟ್ಟಿರಾಳು."

ನಾನೂ ನಕ್ಕೆ. ನಮ್ಮಿಬ್ಬರ ಕನ್ನಡ ಒಂದೇ. ಇಬ್ಬರೂ ಒಟ್ಟಿಗೆ, ಒಂದೇ ಪದವನ್ನು, ಒಂದೇ ರೀತಿ ತಪ್ಪಾಗಿ ತಿಳಿದು ನಗುತ್ತಾ ಕೂತಿದ್ದೆವು. ಒಳಗಿನಿಂದ ಅವನ ಹೆಂಡತಿ, ಸೊಂಟದಲ್ಲಿ ಕೂಸು ಇಟ್ಟುಕೊಂಡೇ, ಕಾಫಿ ತಂದು ಕೊಟ್ಟಳು. ಉಳಿದು ಓದುವ ಶಾಲೆ ಎಂದು ನಾನು ಹೇಳಿದ ಮೇಲೆ ಮಾತ್ರ ಆತನ ಕೈ ಸೊಪ್ಪಿನ ಮೇಲೆ ನಿಂತಿತು.

"ಆಸ್ಟೆಲ್ಲಾ? ಅಕ್ಕಂಗೆ ಬಾರ ಆಗೋದ್ಲೇನಮ್ಮ?"

ಅಲ್ಲ, ಅದು ಒಳ್ಳೆಯ ಶಾಲೆ ಎಂದು ಹೇಳಿದೆ. "ಸರಿ ಬಿಡಮ್ಮ," ಎಂದ. ನಕಲು ಕೊಟ್ಟ. ನಾನು ಹೊರಟೆ. "ಸರಿ ಬಿಡಮ್ಮ" ಎನ್ನುವುದು ಒಪ್ಪಿಗೆಯೋ, ಮಾತು ನಿಲ್ಲಿಸುವ ಬಗೆಯೋ? ಅದನ್ನೂ ಕೇಳಲಿಲ್ಲ. ಕೇಳಿಸಿಕೊಂಡೆ, ಅಷ್ಟೆ.

ರಾಯದುರ್ಗಕ್ಕೆ ಮರಳಿ ಆ ನಕಲನ್ನು ದೊಡ್ಡವ್ವನ ಮುಂದೆ ಹಿಡಿದೆ. "ಇನ್ನು ಚಿಂತೆ ಬಿಡಿ. ಹುಡುಗಿ ಪರದೇಶಿ ಅಲ್ಲ ಅನ್ನೋದಕ್ಕೆ ಪುರಾವೆ ತಂದಿದೀನಿ."

ಆಕೆ ಓದಲಿಲ್ಲ. ಫೋಟೋ ನೋಡಿದಳು. "ಯಾರ ಮನಿಗೆ ಹೋಗಿದ್ದಿ?"

ಅದುವರೆಗೆ ನಾನು 'ನೀವು' ಆಗಿದ್ದೆ.

"ಅವಳ ಅಪ್ಪನ..."

"ಪರದೇಶಿ ಅಲ್ಲಂತ ತೋರ್ಸಾಕ ಅವರಪ್ಪನ್ನ ಹುಡಿಕ್ಕೊಂಡು ಹೋದ್ಯಾ? ನಾ ಸತ್ತೀನೇನು? ನಾ ಇರುವಾಗ ಆಕಿ ಹ್ಯಾಂಗ ಪರದೇಶಿ ಆಗ್ತಾಳವ್ವ? ಅದನ್ನಲ್ಲೇನು ನಾ ಹೇಳಿದ್ದು?"

"ಪರದೇಶಿ ಅಂದ್ರೆ... ಹೊರಗಿನವರು ಅಲ್ವಾ?"

"ಹೊರಗಿನಾಕಿ ಯಾಕ ಆಗ್ತಾಳ? ಹೆತ್ತೋರಿಲ್ಲದ ಕೂಸಿಗೆ ಪರದೇಶಿ ಅಂತಾರ. ನಿಮ್ಮ ಕಡೆ ಕನ್ನಡ ಇಲ್ಲೇನು?"

ಬಟ್ಟೆಯ ರಾಶಿಯ ಮೇಲಿಂದ ಹುಡುಗಿ ಕಿಸಕ್ಕನೆ ನಕ್ಕಳು. ದೊಡ್ಡವ್ವ ನೋಡಿದಳು, ನಗು ನಿಂತಿತು.

ಅಂದರೆ ಇಷ್ಟು. ಆಕೆಗೆ ವಸತಿ ಶಾಲೆ ಬೇಡವಾಗಿರಲಿಲ್ಲ. ತಂಗಿಯ ಮಗಳನ್ನು ಅನಾಥ ಮಕ್ಕಳ ಲೆಕ್ಕಕ್ಕೆ ಸೇರಿಸಿ ಕಳಿಸಿದಳು ಎಂದು ಓಣಿ ಮಾತಾಡುವುದು ಬೇಡವಾಗಿತ್ತು. ಒಂದೇ ಒಂದು ಪ್ರಶ್ನೆ ಕೇಳಿದ್ದರೆ, ಅದು ಎಲ್ಲರ ಮಕ್ಕಳೂ ಓದುವ ಶಾಲೆ, ಮಾಮೂಲಿ ಸೀಟಿಗೂ ಅರ್ಜಿ ಹಾಕಬಹುದು ಎಂದು ಅಲ್ಲೇ ಹೇಳಬಹುದಿತ್ತು. ಬೇರೆ ರಾಜ್ಯದ ಕಾಗದದ ವಿಷಯವೋ? ಆರನೇ ಕ್ಲಾಸಿಗೆ ಅದನ್ನು ಯಾರೂ ಕೇಳುವುದೇ ಇಲ್ಲವಂತೆ. ಶಾಲೆಯ ಗುಮಾಸ್ತೆ ಆಮೇಲೆ ಹೇಳಿದಳು. ಯಾರಿಗೂ ಬೇಡದ ಕಾಗದಕ್ಕಾಗಿ ನಾನು ಎರಡು ರಾಜ್ಯ ಸುತ್ತಿ, ಸುಮ್ಮನಿದ್ದ ಒಬ್ಬ ಅಪ್ಪನನ್ನು ಎಬ್ಬಿಸಿ ಬಂದಿದ್ದೆ.

ಎದ್ದ ಅಪ್ಪ ಬಂದೇ ಬಂದ, ಭಾನುವಾರ, ಹೆಗಲ ಚೀಲದ ತುಂಬ ಕಡಲೆಕಾಯಿ ಹೊತ್ತು. ಬರುತ್ತಿದ್ದೇನೆ ಎಂದು ನನಗೆ ಮೊದಲೇ ಫೋನ್ ಮಾಡಿದ್ದರಿಂದ ಮೇಡಂರನ್ನು ಬೇಡಿಕೊಂಡು ಕರೆದುಕೊಂಡು ಹೋಗಿದ್ದೆ. ಚೀಲವನ್ನು ಮಿಷನ್ನಿನ ಪಕ್ಕ ಇಟ್ಟು, ನೆಲದ ಮೇಲೆ ಕೂತು, ಮೆತ್ತಗೇ ಶುರು ಮಾಡಿದ.

"ಆಸ್ಟೆಲ್‌ಗೆ ಆಕೋವಂಗಾದ್ರೆ ನಾನೇ ಕರ್ಕಂಡೋಗ್ತೀನಕ್ಕ. ನಾನಿನ್ನ ಬದುಕಿವ್ನಲ್ಲ."

"ಕರಕೊಂಡು ಹೋಗಿ?"

"ಅಲ್ಲೂ ಇಸ್ಕೂಲೈತೆ. ಒತ್ತಾರೆ ಸಾಯಂಕಾಲ ಒಸಿ ಉಳಕ್ಕೆ ಸೊಪ್ಪಾಕ್ಕಂಡು ಓದ್ಕಳ್ಳಿ."

"ಹುಳಕ್ಕ ಸೊಪ್ಪು ಹಾಕಾಕ ಮಗಳು ನೆನಪಾದ್ಲು."

"ಇಲ್ಲಿ ದಾರ ಕತ್ತರಿಸ್ತಾ ಇಲ್ವೇನಕ್ಕ?"

ಸ್ಪರ್ಧೆಯಾಗಿದ್ದರೆ ಆ ಮಾತಿಗೆ ಅಂಕ ಕೊಡಲೇಬೇಕಿತ್ತು. ಹುಡುಗಿಯ ಕೈಯಲ್ಲಿ ಆಗಲೂ ಒಂದು ಪ್ಯಾಂಟು ಇತ್ತು. ಆ ಕೋಣೆಯಲ್ಲಿ ಯಾವ ಪಕ್ಷಕ್ಕೆ ನಿಲ್ಲು ಎಂದಿದ್ದರೂ ನಾನು ನಿಂತು ಗೆಲ್ಲಬಲ್ಲವಳಾಗಿದ್ದೆ. ಆದರೆ ಎರಡೂ ಪಕ್ಷದ ವಾದದಲ್ಲಿ ಹುಡುಗಿ ಎರಡು ಕೈಗಳಷ್ಟೇ ಆಗಿದ್ದಳು, ಒಬ್ಬರಿಗೆ ದಾರಕ್ಕೆ, ಒಬ್ಬರಿಗೆ ಸೊಪ್ಪಿಗೆ. ಅವಳನ್ನು ಕೇಳೋಣ, ಇಲ್ಲೇ ಇದ್ದಾಳಲ್ಲ ಎನ್ನಲು ಬಾಯಿ ತೆರೆದೆ. ಮೇಡಂ ನನ್ನ ಮುಂಗೈ ಹಿಡಿದು ಒತ್ತಿದರು. ವಿನು.

ಬಾಗಿಲಲ್ಲಿ ಅಕ್ಕಪಕ್ಕದ ಹೆಂಗಸರು ಸೇರಿದ್ದರು. ದೊಡ್ಡವ್ವ ಅವರನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿದಳು.

"ಬರ್ಕೋರಿ."

"ಏನಂತ?"

"ಆಕಿ ಪರದೇಶಿ ರಿ. ಅವ್ವ ಇಲ್ಲ. ಅಪ್ಪ ಇದ್ದೂ ಇಲ್ಲ. ನಾ ಯಾರಾಕಿ, ದೊಡ್ಡವ್ವ. ಅಂಥೋರಿಗೆ ಮೊದಲ ಸೀಟು ಅಂದ್ರಲ್ಲ, ಬರ್ಕೋರಿ."

ದಾರ ಕತ್ತರಿಸುವ ಸಪ್ಪಳ ನಿಂತಿತು. ಅದುವರೆಗೆ ಆ ಸಪ್ಪಳ ಇತ್ತು ಎಂದು ಗೊತ್ತಾದದ್ದೇ ಅದು ನಿಂತಾಗ.

"ಪರದೇಸಿ ಯಾಕಾಗ್ತಾಳೆ..." ಎಂದು ಶುರು ಮಾಡಿದ ಅಪ್ಪ ನಡುವೆಯೇ ನಿಲ್ಲಿಸಿದ. ಯಾವ ಅರ್ಥದಲ್ಲಿ ಹೇಳಿದ್ದೆಂದು ಅವನಿಗೂ ತಲುಪಿತ್ತು. ಬಾಗಿಲ ಹೆಂಗಸರನ್ನು ನೋಡಲಾರದೆ ತಲೆ ತಗ್ಗಿಸಿಕೊಂಡ. "ಸರಿ ಬಿಡಕ್ಕ," ಎಂದ. ಎಲ್ಲಿ ಹೇಳಿದರೆ ಅಲ್ಲಿ ಸಹಿ ಮಾಡಿದ. ಕಡಲೆಕಾಯಿ ಚೀಲ ಅಲ್ಲೇ ಬಿಟ್ಟು ಹೋದ.

ಓಣಿಯಲ್ಲಿ ಮೇಡಂ ಕೇಳಿದರು, "ಕೊನೆಗೆ ಆಕೆ ಏನಂದಳು?"

"ಹುಡುಗಿ ಅನಾಥೆ ಅಂತ ಬರ್ಕೊಳ್ಳಿ ಅಂದಳು."

"ಒಪ್ಪಿಕೊಂಡಳಲ್ಲ. ಒಳ್ಳೆಯದೇ ಆಯಿತು. ನೀನು ಬಾಯಿ ಹಾಕಿದ್ದರೆ ಕೆಡುತ್ತಿತ್ತು."

ಗುರುವಾರದ ಸಭೆಯಲ್ಲಿ ಜಗಳವಾಡಿದೆ. ಜಗಳ ಎಂದೇ ಹೇಳುತ್ತೇನೆ, ಅದಕ್ಕೆ ಬೇರೆ ಹೆಸರಿಲ್ಲ. ಕೇಳಿಸಿಕೊಳ್ಳುವುದು ಎಂದರೆ ಪ್ರಶ್ನೆ ಕೇಳದೆ ಇರುವುದು ಎಂದು ಯಾರು ಹೇಳಿದ್ದು? ಗೊತ್ತಿರುವ ಪದ ಎಂದುಕೊಂಡು ತಲೆಯಾಡಿಸಿದ್ದರಿಂದಲೇ ಅಲ್ಲವೇ ಆ ಹೆಂಗಸು ತಾನು ಆಡಬಾರದೆಂದು ಹಟ ಹಿಡಿದಿದ್ದ ಮಾತನ್ನು, ಆ ಮಗುವಿನ ಎದುರಿಗೆ, ಓಣಿಯ ಎದುರಿಗೆ, ತಾನೇ ಆಡಬೇಕಾಗಿ ಬಂದದ್ದು?

ಮೇಡಂ ತಾಳ್ಮೆಯಿಂದಲೇ ಕೇಳಿದರು. "ಮೊದಲ ಮನೆಯಲ್ಲಿ ಪ್ರಶ್ನೆ ಕೇಳಿದೆ. ಬಾಗಿಲು ಮುಚ್ಚಿತು. ಇಲ್ಲಿ ಕೇಳಲಿಲ್ಲ. ಸೀಟು ಸಿಕ್ಕಿತು. ನೀನೇ ಲೆಕ್ಕ ಹಾಕು."

ಇದಕ್ಕೆ ಉತ್ತರ ನನ್ನ ಬಳಿ ಇಲ್ಲ ಎಂದಲ್ಲ. ಆ ಮನೆಯಲ್ಲಿ ಕೇಳಿದ್ದು ಗೆಲ್ಲಲು, ಈ ಮನೆಯಲ್ಲಿ ಕೇಳಬೇಕಾಗಿದ್ದದ್ದು ತಿಳಿಯಲು. ಎರಡೂ ಒಂದೇ ಅಲ್ಲ. ಹೇಳಿದೆ. ಅವರು ತಲೆಯಾಡಿಸಿದರು. ಅವರ ತಲೆಯಾಡಿಸುವಿಕೆಯಿಂದ ಅವರಿಗೇನು ಅರ್ಥವಾಯಿತು ಎಂದು ತಿಳಿಯುವ ದಾರಿಯೇ ಇಲ್ಲ. ವರ್ಷದ ಕೊನೆಗೆ ನನಗೆ ಒಳ್ಳೆಯ ಅಂಕ ಬಂತು. ಆ ಹುಡುಗಿಯ ಪ್ರಸಂಗವನ್ನು ಈಗ ಹೊಸ ವಿದ್ಯಾರ್ಥಿಗಳಿಗೆ ಕೇಳಿಸಿಕೊಳ್ಳುವುದಕ್ಕೆ ಉದಾಹರಣೆಯಾಗಿ ಹೇಳುತ್ತಾರಂತೆ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಶಾಲೆಗೆ ಸೇರಿಸುವ ದಿನ ದೊಡ್ಡವ್ವ ಗೇಟಿನವರೆಗೆ ಬಂದು ಒಳಗೆ ಬರಲಿಲ್ಲ. ಪರದೇಶಿ ಎಂದು ಬರೆಸಿದವಳು ಯಾವ ಮುಖ ಇಟ್ಟುಕೊಂಡು ಒಳಗೆ ಬರಲಿ ಎಂದಳು. ಬನ್ನಿ, ಎಲ್ಲರೂ ಬರುತ್ತಾರೆ ಎಂದೆ. "ಹೌದ್ರಿ," ಎಂದಳು, ಅಲ್ಲೇ ನಿಂತಳು. ಟ್ರಂಕು ಮನೆಯಿಂದಲೇ ಒಯ್ಯಬೇಕಿತ್ತು. ಅದರ ಒಂದು ಹಿಡಿ ನಾನು, ಇನ್ನೊಂದು ಹಿಡಿ ಹುಡುಗಿ ಹಿಡಿದು ಮೈದಾನ ದಾಟಿದೆವು. ಅರ್ಧದಲ್ಲಿ ಅವಳು ಕೈ ಬದಲಿಸಲು ಟ್ರಂಕನ್ನು ಕೆಳಗಿಟ್ಟಳು. ನನ್ನ ಜೊತೆ ಯಾವತ್ತೂ ರಾಯದುರ್ಗದ ಕನ್ನಡ ಆಡುತ್ತಿದ್ದವಳು ಅವತ್ತು ಮೊದಲ ಸಲ ಅಪ್ಪನ ಊರಿನ ಕನ್ನಡದಲ್ಲಿ ಕೇಳಿದಳು.

"ಅಕ್ಕ, ನಿಮ್ ಕಡೆ ಪರದೇಸಿ ಅಂದ್ರೆ ಬ್ಯಾರೆ ಊರೋರು ಅಂತ ಅಲ್ವಾ?"

"ಹೂಂ. ನಿಂಗೆ ಎರಡೂ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ತಲೆ ಆಡುಸ್ತಿದ್ರಲ್ಲ. ಅರ್ತ ಆಗೈತೆ ಅನ್ಕಂಡೆ."

ಅವಳು ಗೇಟಿನ ಕಡೆ ತಿರುಗಿ ನೋಡಿದಳು. ದೊಡ್ಡವ್ವ ಇನ್ನೂ ಅಲ್ಲೇ ಇದ್ದಳು.

"ಇಲ್ಲಿ ಯಾರಾನ ಕೇಳಿದ್ರೆ," ಎಂದಳು ಹುಡುಗಿ, "ನಮ್ ದೊಡ್ಡವ್ವ ಬರ್ಸಿರಾದು ನಿಮ್ ಕಡೆ ಅರ್ತದ್ದು ಅಂತೀನಿ."

ಟ್ರಂಕಿನ ಹಿಡಿಯನ್ನು ಇನ್ನೊಂದು ಕೈಗೆ ತೆಗೆದುಕೊಂಡು, "ಎತ್ತಕ್ಕ," ಎಂದಳು.